ಲಾಕ್ ಆದ ತಾರೀಖು ಫೀಲ್ಡ್: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ವೆಬ್ ಫಾರ್ಮ್‌ನಲ್ಲಿ ತಾರೀಖಿನ ಬಾಕ್ಸ್ ಲಾಕ್ ಮಾಡಲು ಒಂದು ಪದ ಸಾಕು. ಡಿಸೇಬಲ್ಡ್ ಅಂತ ಬರೆದರೂ ಆಯಿತು, ರೀಡ್‌ಓನ್ಲಿ ಅಂತ ಬರೆದರೂ ಆಯಿತು. ಎರಡರಲ್ಲೂ ಫಾರ್ಮ್ ತುಂಬುವವರಿಗೆ ತಾರೀಖು ಬದಲಿಸಲು ಬರುವುದಿಲ್ಲ. ಆದ್ದರಿಂದ ಎರಡೂ ಒಂದೇ ಎಂದುಕೊಂಡು ಯಾವುದಾದರೂ ಒಂದನ್ನು ಹಾಕಿಬಿಡುತ್ತಾರೆ. ಒಂದೇ ಅಲ್ಲ. ಈ ವ್ಯತ್ಯಾಸ ನೋಡದೆ ಹಾಕಿದ ಲಾಕ್‌ನಿಂದ ಜನರ ತಾರೀಖು ಸದ್ದಿಲ್ಲದೆ ಕಳೆದುಹೋಗುತ್ತದೆ.

ಹುಬ್ಬಳ್ಳಿಯಲ್ಲಿದ್ದುಕೊಂಡು ಸುತ್ತಲಿನ ಸಣ್ಣ ಸಂಸ್ಥೆಗಳ ಫಾರ್ಮ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜ್, ಧಾರವಾಡದ ಸಪ್ತಾಪುರದಲ್ಲಿ ಒಂದು ಕೋಚಿಂಗ್ ಸೆಂಟರ್, ಗದಗಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್. ತಾರೀಖಿನ ಬಗ್ಗೆ ಬರುವ ಫೋನ್‌ಗಳು ಹೆಚ್ಚಾಗಿ ಈ ಮೂರು ಬಗೆಯವು:

"ಸರ, ತಾರೀಖು ಕಾಣಸ್ತೈತಿ, ಸೇವ್ ಮಾಡಿದ ಮ್ಯಾಲ ಖಾಲಿ ಬರಾಕತ್ತೈತಿ ನೋಡ್ರಿ."

"ಒಂದಿನ ಹಿಂದಿನ ತಾರೀಖ ಬಿದ್ದೈತ್ರಿ."

"ಬಾಕ್ಸ್ ಒತ್ತಿದ್ರ ಏನೂ ತೆರಿಯಾಂಗಿಲ್ರಿ."

ಮೊದಲ ಎರಡು ದೂರು ಬಂದಾಗ ಕೋಡ್ ತೆರೆಯುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಬ್ರೌಸರ್‌ನಿಂದ ಏನು ಹೊರಟಿತು ಎಂದು ನೋಡಬೇಕು. ಪರದೆ ನೋಡಿ ತೀರ್ಮಾನ ಮಾಡಬೇಡಿ. ಪರದೆಯಲ್ಲಿ ತಾರೀಖು ಬಹಳ ಸಲ ಸರಿಯಾಗಿಯೇ ಕಾಣುತ್ತದೆ, ಅದಕ್ಕೇ ಈ ದೋಷ ಬೇಗ ಸಿಗುವುದಿಲ್ಲ.

ಮೊದಲು ಪೇಲೋಡ್ ನೋಡಿ

ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ. ಪುಟ ಬದಲಾದರೂ ಪಟ್ಟಿ ಅಳಿಯದ ಹಾಗೆ ಪ್ರಿಸರ್ವ್ ಲಾಗ್‌ಗೆ ಟಿಕ್ ಹಾಕಿ. ಫಾರ್ಮ್ ಸಲ್ಲಿಸಿ. ಹೋದ ವಿನಂತಿಯ ಮೇಲೆ ಒತ್ತಿ ಪೇಲೋಡ್ ತೆರೆಯಿರಿ. ಫಾರ್ಮ್‌ನಿಂದ ಸರ್ವರ್‌ಗೆ ಹೋದದ್ದರ ಪಟ್ಟಿ ಅದು. ಈಗ ನಿಮ್ಮ ತಾರೀಖು ಫೀಲ್ಡ್‌ನ ಹೆಸರು ಆ ಪಟ್ಟಿಯಲ್ಲಿದೆಯೇ ನೋಡಿ.

ಹೆಸರೇ ಇಲ್ಲದಿದ್ದರೆ ಒಂದು ಕಾರಣ. ಹೆಸರಿದ್ದು ಬೆಲೆ (ವ್ಯಾಲ್ಯೂ, ಅಂದರೆ ಬಾಕ್ಸ್‌ನೊಳಗೆ ತುಂಬಿದ್ದು) ಖಾಲಿ ಇದ್ದರೆ ಇನ್ನೊಂದು. ಹೆಸರೂ ಇದೆ, ತಾರೀಖೂ ಇದೆ, ಆದರೆ ತಪ್ಪಾಗಿದೆ ಅಂದರೆ ಮೂರನೆಯದು. ಎಲ್ಲವೂ ಸರಿಯಾಗಿ ಹೊರಟಿದ್ದರೆ ತೊಂದರೆ ಸರ್ವರ್ ಕಡೆ ಇದೆ. ಇಷ್ಟು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಸರೇ ಇಲ್ಲ: ಇದು ಡಿಸೇಬಲ್ಡ್

ಡಿಸೇಬಲ್ಡ್ ಆದ ಫೀಲ್ಡ್ ಅನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದಿಲ್ಲ. ಇದು ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ನಿಯಮ, ಬ್ರೌಸರ್‌ನ ದೋಷ ಅಲ್ಲ. ರೀಡ್‌ಓನ್ಲಿ ಫೀಲ್ಡ್ ಮಾತ್ರ ಹೋಗುತ್ತದೆ. ಅಂಗಡಿಯ ಲೆಕ್ಕದ ವಹಿಯಲ್ಲಿ ಮಸಿಯಿಂದ ಬರೆದ ಸಾಲನ್ನು ತಿದ್ದುವ ಹಾಗಿಲ್ಲ, ಆದರೆ ಕೂಡಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ. ಅಡ್ಡಗೆರೆ ಹೊಡೆದ ಸಾಲು ಕಣ್ಣಿಗೆ ಕಾಣುತ್ತದೆ, ಕೂಡಿಸುವಾಗ ಬಿಟ್ಟುಬಿಡುತ್ತಾರೆ. ಮೊದಲನೆಯದು ರೀಡ್‌ಓನ್ಲಿ, ಎರಡನೆಯದು ಡಿಸೇಬಲ್ಡ್.

ಹಾಗಾದರೆ ಡಿಸೇಬಲ್ಡ್ ತೆಗೆದು ರೀಡ್‌ಓನ್ಲಿ ಹಾಕಿದರೆ ಮುಗಿಯಿತು ಅಲ್ವಾ? ಬಹಳ ಸಲ ಮುಗಿಯುತ್ತದೆ. ಆದರೆ ಡಿಸೇಬಲ್ಡ್ ಎಲ್ಲಿಂದ ಬಂತು ಎಂದು ಹುಡುಕುವುದೇ ಕಷ್ಟದ ಭಾಗ. ಆ ಫೀಲ್ಡ್‌ನ ಸಾಲಿನಲ್ಲಿ ಆ ಪದ ಇರದೆಯೂ ಇರಬಹುದು.

ಹಲವು ಫೀಲ್ಡ್‌ಗಳನ್ನು ಒಟ್ಟಿಗೆ ಸುತ್ತುವ ಫೀಲ್ಡ್‌ಸೆಟ್ ಎಂಬ ಟ್ಯಾಗ್ ನೋಡಿ. ಹೊರಗಿನ ಫೀಲ್ಡ್‌ಸೆಟ್‌ಗೆ ಡಿಸೇಬಲ್ಡ್ ಹಾಕಿದ್ದರೆ ಒಳಗಿನ ಎಲ್ಲ ಫೀಲ್ಡ್‌ಗಳೂ ಲಾಕ್ ಆಗುತ್ತವೆ. ಅದರ ಮೊದಲ ಲೆಜೆಂಡ್‌ನ (ಶೀರ್ಷಿಕೆಯ ಟ್ಯಾಗ್‌ನ) ಒಳಗಿರುವವು ಮಾತ್ರ ತಪ್ಪಿಸಿಕೊಳ್ಳುತ್ತವೆ. ಎಫ್12 ಒತ್ತಿದಾಗ ಪುಟದ ಕೋಡ್ ತೋರಿಸುವ ಇನ್‌ಸ್ಪೆಕ್ಟರ್‌ನಲ್ಲಿ ತಾರೀಖಿನ ಬಾಕ್ಸ್ ಮಾತ್ರ ನೋಡುತ್ತಾ ಕೂತರೆ ಇದು ಸಿಗುವುದಿಲ್ಲ. ಒಂದೊಂದೇ ಮೆಟ್ಟಿಲು ಮೇಲಕ್ಕೆ ಹೋಗಬೇಕು.

ಮುಂದೆ ಸಬ್ಮಿಟ್ ಹೊತ್ತಿನಲ್ಲಿ ಓಡುವ ಸ್ಕ್ರಿಪ್ಟ್ ನೋಡಿ. ಬಟನ್ ಎರಡು ಸಲ ಒತ್ತಬಾರದು ಎಂದು ಕೆಲವರು ಸಬ್ಮಿಟ್ ಆಗುವಾಗ ಇಡೀ ಫಾರ್ಮ್ ಅನ್ನೇ ಡಿಸೇಬಲ್ ಮಾಡುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ಬ್ರೌಸರ್ ಫಾರ್ಮ್‌ನ ಬೆಲೆಗಳನ್ನು ಒಟ್ಟುಮಾಡುವುದು ಸಬ್ಮಿಟ್ ಈವೆಂಟ್ ಮುಗಿದ ಮೇಲೆ. ಅಷ್ಟರಲ್ಲಿ ಎಲ್ಲವೂ ಡಿಸೇಬಲ್ ಆಗಿರುತ್ತದೆ, ಏನೂ ಹೋಗುವುದಿಲ್ಲ. ಬಟನ್ ಒಂದನ್ನೇ ಲಾಕ್ ಮಾಡಿ, ಸಾಕು.

ಇನ್ನೊಂದು ಕಾರಣ ಸಣ್ಣದು: ಫೀಲ್ಡ್‌ಗೆ ನೇಮ್ ಕೊಟ್ಟೇ ಇಲ್ಲ. ಐಡಿ ಇದ್ದರೆ ಸಾಲದು. ನೇಮ್ ಇಲ್ಲದ್ದು ಲಾಕ್ ಇರಲಿ ಬಿಡಲಿ, ಹೋಗುವುದಿಲ್ಲ.

ಆಂಗ್ಯುಲರ್ ಎಂಬ ಜಾವಾಸ್ಕ್ರಿಪ್ಟ್ ಚೌಕಟ್ಟಿನಲ್ಲಿ ರಿಯಾಕ್ಟಿವ್ ಫಾರ್ಮ್ ಬಳಸುವವರಿಗೂ ಇದೇ ಪಾಡು. ಡಿಸೇಬಲ್ ಮಾಡಿದ ಕಂಟ್ರೋಲ್ ಫಾರ್ಮ್‌ನ ವ್ಯಾಲ್ಯೂನಲ್ಲಿ ಬರುವುದಿಲ್ಲ. ಅದೂ ಬೇಕಿದ್ದರೆ ಗೆಟ್ ರಾ ವ್ಯಾಲ್ಯೂ ಎಂಬ ಫಂಕ್ಷನ್ ಕರೆಯಬೇಕು.

ಈ ದೋಷದ ನಿಜವಾದ ಹಾನಿ ಸರ್ವರ್‌ನಲ್ಲಿ ಆಗುತ್ತದೆ. ಕೋಚಿಂಗ್ ಸೆಂಟರ್‌ನ ಫಾರ್ಮ್‌ನಲ್ಲಿ ಹುಟ್ಟಿದ ತಾರೀಖು ಪ್ರವೇಶದ ದಿನವೇ ದಾಖಲಾಗುತ್ತದೆ. ಆಮೇಲೆ ವಿದ್ಯಾರ್ಥಿ ತನ್ನ ಮೊಬೈಲ್ ನಂಬರ್ ಬದಲಿಸಲು ಅದೇ ಫಾರ್ಮ್ ತೆರೆಯುತ್ತಾನೆ. ತಾರೀಖು ಬೂದು ಬಣ್ಣದಲ್ಲಿ ಕಾಣುತ್ತಿದೆ, ಡಿಸೇಬಲ್ಡ್ ಆಗಿದೆ. ಅವನು ನಂಬರ್ ಬದಲಿಸಿ ಸೇವ್ ಒತ್ತುತ್ತಾನೆ. ಸರ್ವರ್‌ಗೆ ತಾರೀಖು ಬರಲೇ ಇಲ್ಲ. ಸರ್ವರ್ ಕೋಡ್ ಎಲ್ಲ ಕಾಲಂಗಳನ್ನೂ ಹೊಸದಾಗಿ ಬರೆಯುವ ಹಾಗಿದ್ದರೆ, ಬಾರದ ತಾರೀಖಿನ ಜಾಗದಲ್ಲಿ ಖಾಲಿ ಬರೆಯುತ್ತದೆ. ಎರಡು ವರ್ಷದಿಂದ ಸರಿಯಾಗಿ ಇದ್ದ ತಾರೀಖು ಒಂದು ಫೋನ್ ನಂಬರ್ ಬದಲಾವಣೆಯಿಂದ ಅಳಿದುಹೋಗುತ್ತದೆ. ವಿದ್ಯಾರ್ಥಿಗೂ ಗೊತ್ತಾಗುವುದಿಲ್ಲ, ಕಚೇರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಫಾರ್ಮ್ ಸರಿಮಾಡಿದ ಮೇಲೆ ಸರ್ವರ್ ಕೋಡ್ ಕೂಡ ನೋಡಲೇಬೇಕು. ಬಾರದ ಫೀಲ್ಡ್ ಬೇರೆ, ಖಾಲಿಯಾಗಿ ಬಂದ ಫೀಲ್ಡ್ ಬೇರೆ. ಬಾರದ್ದನ್ನು ಮುಟ್ಟಬಾರದು. ಈಗಾಗಲೇ ಅಳಿದಿರುವ ಸಾಲುಗಳಿದ್ದರೆ ಹಳೆಯ ಬ್ಯಾಕಪ್‌ನಿಂದ ಹೋಲಿಸಿ ವಾಪಸ್ ತುಂಬಿ. ಫಾರ್ಮ್ ಸರಿಹೋಯಿತು ಎಂದು ಅಲ್ಲಿಗೇ ಬಿಟ್ಟರೆ ಹಳೆಯ ವಿದ್ಯಾರ್ಥಿಗಳ ತಾರೀಖು ಹಾಗೇ ಖಾಲಿ ಉಳಿಯುತ್ತದೆ.

ಡಿಸೇಬಲ್ಡ್ ಬಾಕ್ಸ್ ಇಟ್ಟುಕೊಂಡು, ಪಕ್ಕದಲ್ಲಿ ಅದೇ ಬೆಲೆಯ ಹಿಡನ್ ಫೀಲ್ಡ್ ಇಡುವ ರೂಢಿಯೂ ಇದೆ. ಕೆಲಸ ಮಾಡುತ್ತದೆ. ಆದರೆ ಮುಂದೆ ಯಾರಾದರೂ ಬಾಕ್ಸ್‌ನ ಲಾಕ್ ತೆಗೆದರೆ ಒಂದೇ ಹೆಸರಿನಲ್ಲಿ ಎರಡು ತಾರೀಖು ಹೋಗುತ್ತವೆ. ಯಾವುದು ಉಳಿಯುತ್ತದೆ ಎನ್ನುವುದು ಸರ್ವರ್ ಭಾಷೆಯ ಮೇಲೆ ನಿಂತಿದೆ. ನನಗೆ ಈ ದಾರಿ ಇಷ್ಟವಿಲ್ಲ.

ಹೆಸರಿದೆ, ಬೆಲೆ ಖಾಲಿ

ಇನ್‌ಪುಟ್‌ನ ಟೈಪ್ ಡೇಟ್ ಆಗಿದ್ದರೆ ಅದು ಒಪ್ಪುವ ರೂಪ ಒಂದೇ: ವರ್ಷ, ತಿಂಗಳು, ದಿನ, ಮಧ್ಯೆ ಅಡ್ಡಗೆರೆ. 2025-06-01 ಹೀಗೆ. ಪರದೆಯಲ್ಲಿ 01/06/2025 ಅಂತ ಕಾಣುವುದು ಆ ಯಂತ್ರದ ಭಾಷೆ-ಪ್ರದೇಶದ ಸೆಟ್ಟಿಂಗ್‌ನಿಂದ. ಒಳಗಿನ ಬೆಲೆ ಅದಲ್ಲ. ಸರ್ವರ್‌ನಿಂದ ಬರುವಾಗಲೇ 01/06/2025 ಅಂತ ತುಂಬಿದರೆ ಬ್ರೌಸರ್ ಅದನ್ನು ಎಸೆದು ಬಾಕ್ಸ್ ಖಾಲಿ ಬಿಡುತ್ತದೆ. ಕ್ರೋಮ್ ಆದರೆ ಎಫ್12ರ ಕನ್ಸೋಲ್ ಟ್ಯಾಬ್‌ನಲ್ಲಿ ಒಂದು ಎಚ್ಚರಿಕೆ ಬರೆದಿರುತ್ತದೆ, ಓದಿ ನೋಡಿ. ಆರಿಸಬಹುದಾದ ಮೊದಲ ಮತ್ತು ಕೊನೆಯ ತಾರೀಖು ಹೇಳುವ ಮಿನ್, ಮ್ಯಾಕ್ಸ್ ಎರಡಕ್ಕೂ ಇದೇ ರೂಪ ಬೇಕು.

ಮಾಮೂಲಿ ಬಾಕ್ಸ್ ಆಗಿದ್ದರೆ ಖಾಲಿ ಕಂಡವರು ತಾವೇ ತುಂಬುತ್ತಿದ್ದರು. ಲಾಕ್ ಆಗಿದ್ದರೆ ಅವರಿಗೆ ತುಂಬಲೂ ಆಗುವುದಿಲ್ಲ. ಜೊತೆಗೆ ಇನ್ನೊಂದು ವಿಷಯ ಸೇರುತ್ತದೆ. ಫೀಲ್ಡ್‌ಗೆ ರಿಕ್ವೈರ್ಡ್ (ಕಡ್ಡಾಯ) ಹಾಕಿದ್ದೇವೆ, ಖಾಲಿ ಇದ್ದರೆ ಬ್ರೌಸರ್ ತಡೆಯುತ್ತದೆ ಎಂದು ನಂಬಿಕೊಂಡಿರುತ್ತೇವೆ. ತಡೆಯುವುದಿಲ್ಲ. ಡಿಸೇಬಲ್ಡ್ ಮತ್ತು ರೀಡ್‌ಓನ್ಲಿ ಎರಡೂ ಫೀಲ್ಡ್‌ಗಳನ್ನು ಬ್ರೌಸರ್ ತಪಾಸಣೆಯಿಂದ ಹೊರಗಿಡುತ್ತದೆ. ಬಳಕೆದಾರ ತಿದ್ದಲಾಗದ ಬಾಕ್ಸ್‌ಗೆ "ತುಂಬಿ" ಎಂದು ಹೇಳಿ ಪ್ರಯೋಜನ ಇಲ್ಲ, ಆದ್ದರಿಂದ ಆ ನಿಯಮ ಸರಿಯಾಗಿಯೇ ಇದೆ. ಆದರೆ ಖಾಲಿ ತಾರೀಖು ಸಲೀಸಾಗಿ ದಾಟಿ ಹೋಗುತ್ತದೆ.

ಫ್ಲ್ಯಾಟ್‌ಪಿಕರ್ ಎಂಬ ಕ್ಯಾಲೆಂಡರ್ ಲೈಬ್ರರಿ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕೈಯಿಂದ ಟೈಪ್ ಮಾಡಲು ಬಿಡುವ ಅಲೋ ಇನ್‌ಪುಟ್ ಸೆಟ್ಟಿಂಗ್ ಆನ್ ಮಾಡದಿದ್ದರೆ, ಅದು ತಾನಾಗಿಯೇ ಬಾಕ್ಸ್‌ಗೆ ರೀಡ್‌ಓನ್ಲಿ ಹಾಕುತ್ತದೆ. ನೀವು ಲಾಕ್ ಮಾಡಿಲ್ಲ, ಆದರೂ ರಿಕ್ವೈರ್ಡ್ ಕೆಲಸ ಮಾಡುವುದಿಲ್ಲ. "ಕಡ್ಡಾಯ ಅಂತ ನಕ್ಷತ್ರ ಹಾಕೀವಿ, ಆದ್ರೂ ಖಾಲಿ ಬಿಟ್ಟು ಕಳಸ್ತಾರ್ರಿ" ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಸಲ್ಲಿಸುವ ಮುಂಚೆ ನಿಮ್ಮದೇ ಸ್ಕ್ರಿಪ್ಟ್‌ನಲ್ಲಿ ನೋಡಿ, ಸರ್ವರ್‌ನಲ್ಲಿ ಮತ್ತೆ ನೋಡಿ.

ಸ್ಕ್ರಿಪ್ಟ್‌ನಿಂದ ತಾರೀಖು ತುಂಬಿದಾಗ ಚೇಂಜ್ ಈವೆಂಟ್, ಅಂದರೆ ಬೆಲೆ ಬದಲಾಯಿತು ಎಂಬ ಸೂಚನೆ, ತಾನಾಗಿ ಹುಟ್ಟುವುದಿಲ್ಲ. ಹುಟ್ಟಿದ ತಾರೀಖು ತುಂಬಿದರೂ ಪಕ್ಕದ ವಯಸ್ಸಿನ ಬಾಕ್ಸ್ ಖಾಲಿ ಉಳಿದಿದ್ದರೆ ಇದನ್ನು ನೋಡಿ. ತುಂಬಿದ ಮೇಲೆ ವಯಸ್ಸು ಲೆಕ್ಕ ಹಾಕುವ ಫಂಕ್ಷನ್ ಅನ್ನು ನೀವೇ ಕರೆಯಿರಿ.

ಒಂದು ದಿನ ಹಿಂದಿನ ತಾರೀಖು

ಇದು ನಮ್ಮ ದೇಶದ ಗಡಿಯಾರದಿಂದ ಬರುವ ದೋಷ. ಭಾರತದ ಸಮಯ ಜಗತ್ತಿನ ಗಡಿಯಾರಗಳಿಗೆ ಆಧಾರವಾದ ಯುಟಿಸಿ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದೆ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ಟು ಐಎಸ್‌ಒ ಸ್ಟ್ರಿಂಗ್ ಎಂಬ ಫಂಕ್ಷನ್ ಇದೆ. ಅದು ಕೊಡುವುದು ಯುಟಿಸಿ ಸಮಯ. ಅದರ ಮೊದಲ 10 ಅಕ್ಷರ ತೆಗೆದುಕೊಂಡರೆ ವರ್ಷ-ತಿಂಗಳು-ದಿನ ಸಿಗುತ್ತದೆ, ಡೇಟ್ ಬಾಕ್ಸ್‌ಗೆ ಬೇಕಾದ ರೂಪವೇ ಸಿಗುತ್ತದೆ. ಆದ್ದರಿಂದ ಎಲ್ಲರೂ ಇದನ್ನೇ ಬಳಸುತ್ತಾರೆ.

ಈಗ ಲೆಕ್ಕ ನೋಡಿ. 2025ರ ಜೂನ್ 1, ನಮ್ಮ ಮಧ್ಯರಾತ್ರಿ 12 ಗಂಟೆ. ಯುಟಿಸಿಯಲ್ಲಿ ಅದು ಮೇ 31, ಸಂಜೆ 6:30. ಮೊದಲ 10 ಅಕ್ಷರ ತೆಗೆದರೆ 2025-05-31. ವರ್ಷ, ತಿಂಗಳು, ದಿನ ಕೊಟ್ಟು ಮಾಡಿದ ತಾರೀಖಿಗೆ ಮಧ್ಯರಾತ್ರಿಯ ಸಮಯವೇ ಇರುತ್ತದೆ. ಹಾಗಾಗಿ ಅಂಥ ತಾರೀಖು ಯಾವಾಗಲೂ ಒಂದು ದಿನ ಹಿಂದಕ್ಕೆ ಹೋಗುತ್ತದೆ.

ಇವತ್ತಿನ ತಾರೀಖು ತುಂಬುವಾಗ ಇದು ಇನ್ನೂ ಮೋಸ ಮಾಡುತ್ತದೆ, ಏಕೆಂದರೆ ಬೆಳಗಿನ 5:30ರ ಮುಂಚೆ ಮಾತ್ರ ತಪ್ಪಾಗುತ್ತದೆ. ಹಗಲು ಕೂತು ಪರೀಕ್ಷೆ ಮಾಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬ್ಯಾಡಗಿಯಲ್ಲಿ ಹಾಗಲ್ಲ. ಸೀಸನ್‌ನಲ್ಲಿ ಮೆಣಸಿನಕಾಯಿ ಗಾಡಿಗಳು ರಾತ್ರಿಯೂ ಬರುತ್ತವೆ, ನಸುಕಿನಲ್ಲೂ ಬರುತ್ತವೆ. ಕೋಲ್ಡ್ ಸ್ಟೋರೇಜ್‌ನಲ್ಲಿ ಚೀಲ ಇಳಿಸಿಕೊಂಡು ನಸುಕಿನ 4 ಗಂಟೆಗೆ ನೋಂದಣಿ ಮಾಡಿದರೆ, ಒಳಬಂದ ತಾರೀಖು ನಿನ್ನೆಯದು ಬೀಳುತ್ತದೆ. ಫೀಲ್ಡ್ ರೀಡ್‌ಓನ್ಲಿ. ಗೇಟಿನಲ್ಲಿ ಕೂತ ಗುಮಾಸ್ತರಿಗೆ ತಪ್ಪು ಕಣ್ಣಿಗೆ ಬಿದ್ದರೂ ತಿದ್ದಲು ಬರುವುದಿಲ್ಲ. ರೈತರ ಕೈಗೆ ಕೊಡುವ ರಸೀದಿಯಲ್ಲಿ ಒಂದು ತಾರೀಖು, ಲಾರಿ ಚೀಟಿಯಲ್ಲಿ ಇನ್ನೊಂದು. ಆಮೇಲೆ ಲೆಕ್ಕದ ಹೊತ್ತಿಗೆ ವಾದ ಶುರುವಾಗುತ್ತದೆ. ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: "ಎಷ್ಟು ಗಂಟೆಗೆ ಎಂಟ್ರಿ ಮಾಡಿದ್ರಿ?"

ಪರಿಹಾರ ಕಷ್ಟದ್ದಲ್ಲ. ಸ್ಥಳೀಯ ವರ್ಷ, ತಿಂಗಳು, ದಿನವನ್ನು ಬೇರೆ ಬೇರೆ ತೆಗೆದು ನೀವೇ ಜೋಡಿಸಿ. ಜಾವಾಸ್ಕ್ರಿಪ್ಟ್ ತಿಂಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಒಂದು ಕೂಡಿಸಿ. ಒಂದಂಕಿ ಬಂದರೆ ಮುಂದೆ ಸೊನ್ನೆ ಹಾಕಿ. ಇನ್ನೂ ಒಳ್ಳೆಯದು, ಒಳಬಂದ ತಾರೀಖನ್ನು ಸರ್ವರ್‌ನಲ್ಲಿಯೇ ಹಾಕುವುದು. ಸರ್ವರ್‌ನ ಟೈಮ್‌ಝೋನ್ ಏಷ್ಯಾ/ಕೋಲ್ಕತ್ತಾ ಇದೆಯೇ ನೋಡಿಕೊಳ್ಳಿ. ಬಾಡಿಗೆ ಸರ್ವರ್‌ಗಳು ಎಷ್ಟೋ ಸಲ ಯುಟಿಸಿಯಲ್ಲೇ ಇರುತ್ತವೆ. ಡೇಟಾಬೇಸ್‌ನಲ್ಲಿ ಹುಟ್ಟಿದ ತಾರೀಖಿನಂಥದ್ದಕ್ಕೆ ಸಮಯ ಇಲ್ಲದ ಡೇಟ್ ಕಾಲಂ ಸಾಕು.

ಮ್ಯಾಕ್ಸ್ ಮಿತಿಯನ್ನೂ ಇದೇ ರೀತಿ ಲೆಕ್ಕ ಹಾಕಿದ್ದರೆ, ನಸುಕಿನಲ್ಲಿ ಕ್ಯಾಲೆಂಡರ್‌ನಲ್ಲಿ ಇವತ್ತಿನ ದಿನವೇ ಮಸುಕಾಗಿ ಒತ್ತಲಾಗದ ಹಾಗೆ ಆಗುತ್ತದೆ. ಕಾರಣ ಇದೇ.

ಪರೀಕ್ಷೆಗೆ ನಸುಕಿನವರೆಗೆ ಕಾಯಬೇಕಿಲ್ಲ. ಕಂಪ್ಯೂಟರ್‌ನ ಗಡಿಯಾರವನ್ನು 4 ಗಂಟೆಗೆ ತಿರುಗಿಸಿ ಫಾರ್ಮ್ ತೆರೆದರೆ ಸಾಕು.

ಬಾಕ್ಸ್ ತೆರೆಯುವುದಿಲ್ಲ, ಅಥವಾ ತೆರೆಯಬಾರದ್ದು ತೆರೆಯುತ್ತದೆ

ಡಿಸೇಬಲ್ಡ್ ಅನ್ನುವುದು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದಕ್ಕೆ ಕೊಟ್ಟ ಬೆಲೆಗೆ ಅರ್ಥವಿಲ್ಲ. ಡಿಸೇಬಲ್ಡ್ ಸಮ ಫಾಲ್ಸ್ ಎಂದು ಬರೆದರೂ ಲಾಕ್ ಆಗುತ್ತದೆ, ಖಾಲಿ ಉದ್ಧರಣ ಚಿಹ್ನೆ ಕೊಟ್ಟರೂ ಲಾಕ್ ಆಗುತ್ತದೆ. ಸರ್ವರ್ ಭಾಷೆಯಾದ ಪಿಎಚ್‌ಪಿಯ ಟೆಂಪ್ಲೇಟ್‌ಗಳಲ್ಲಿ ಇದು ಜಾಸ್ತಿ. ಷರತ್ತು ಬೆಲೆಯ ಜಾಗದಲ್ಲಿ ಬಂದಿರುತ್ತದೆ, ಪದ ಮಾತ್ರ ಯಾವಾಗಲೂ ಅಚ್ಚಾಗುತ್ತದೆ. ಷರತ್ತು ಪದವನ್ನೇ ಸುತ್ತುವರಿಯಬೇಕು.

ಸ್ಕ್ರಿಪ್ಟ್‌ನಿಂದ ತೆಗೆಯುವಾಗ ರೀಡ್‌ಓನ್ಲಿಯ ಕಾಗುಣಿತ ನೋಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಆ ಗುಣದ ಹೆಸರಿನಲ್ಲಿ ಓನ್ಲಿಯ ಮೊದಲ ಅಕ್ಷರ ದೊಡ್ಡದು. ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲೂ ಹಾಗೆಯೇ. ಸರಳ ಜಾವಾಸ್ಕ್ರಿಪ್ಟ್‌ನಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದರೆ ದೋಷ ಸಂದೇಶ ಬರುವುದಿಲ್ಲ, ಏನೂ ಆಗುವುದೂ ಇಲ್ಲ. ಸುಮ್ನೆ ಗಂಟೆಗಟ್ಟಲೆ ಬೇರೆ ಕಡೆ ಹುಡುಕುವ ಹಾಗಾಗುತ್ತದೆ. ರಿಯಾಕ್ಟ್‌ನಲ್ಲಿ ಇನ್ನೊಂದು: ವ್ಯಾಲ್ಯೂ ಕೊಟ್ಟು ಆನ್‌ಚೇಂಜ್ ಕೊಡದಿದ್ದರೆ ಆ ಬಾಕ್ಸ್ ಬದಲಾಗುವುದೇ ಇಲ್ಲ. ಲಾಕ್ ಮಾಡದೆಯೂ ಲಾಕ್ ಆದಂತೆ ಇರುತ್ತದೆ. ಕನ್ಸೋಲ್ ಎಚ್ಚರಿಕೆ ಕೊಡುತ್ತದೆ.

ಜೆಕ್ವೆರಿ ಯುಐ ಎಂಬ ಲೈಬ್ರರಿಯ ಕ್ಯಾಲೆಂಡರ್ ಆದ ಡೇಟ್‌ಪಿಕರ್‌ನಲ್ಲಿ ಉಲ್ಟಾ ದೂರು ಬರುತ್ತದೆ. ರೀಡ್‌ಓನ್ಲಿ ಹಾಕಿದರೂ ಒತ್ತಿದರೆ ಕ್ಯಾಲೆಂಡರ್ ತೆರೆಯುತ್ತದೆ, ತಾರೀಖು ಬದಲಾಗುತ್ತದೆ. ಏಕೆಂದರೆ ಅದು ತೆರೆಯುವುದು ಬಾಕ್ಸ್‌ಗೆ ಫೋಕಸ್ ಬಂದಾಗ, ಮತ್ತು ರೀಡ್‌ಓನ್ಲಿ ಬಾಕ್ಸ್‌ಗೆ ಫೋಕಸ್ ಬರುತ್ತದೆ. ಟೈಪ್ ಮಾಡುವುದು ಬೇಡ, ಕ್ಯಾಲೆಂಡರ್‌ನಿಂದಲೇ ಆರಿಸಲಿ ಎಂದು ಬೇಕಂತಲೇ ಹೀಗೆ ಹಾಕುವವರೂ ಇದ್ದಾರೆ. ಅದು ತಪ್ಪಲ್ಲ. ಆದರೆ ನಿಜವಾಗಿ ತಿದ್ದಬಾರದ ತಾರೀಖಾದರೆ ಆ ಬಾಕ್ಸ್‌ಗೆ ಕ್ಯಾಲೆಂಡರ್ ಜೋಡಿಸಲೇಬೇಡಿ. ಬ್ರೌಸರ್‌ನ ಸ್ವಂತ ಡೇಟ್ ಬಾಕ್ಸ್‌ನಲ್ಲಿ ಈ ತೊಂದರೆ ಇಲ್ಲ, ರೀಡ್‌ಓನ್ಲಿ ಇದ್ದರೆ ಕ್ಯಾಲೆಂಡರ್ ತೆರೆಯುವುದಿಲ್ಲ. ಕ್ಯಾಲೆಂಡರ್ ತೆರೆಯುವ ಶೋ ಪಿಕರ್ ಫಂಕ್ಷನ್ ಕರೆದರೆ ದೋಷ ಕೊಡುತ್ತದೆ.

ಫ್ಲ್ಯಾಟ್‌ಪಿಕರ್‌ನಲ್ಲಿ ಆಲ್ಟ್ ಇನ್‌ಪುಟ್ ಸೆಟ್ಟಿಂಗ್ ಆನ್ ಇದ್ದರೆ ಕಾಣುವ ಬಾಕ್ಸ್ ಬೇರೆ, ನಿಮ್ಮ ಮೂಲ ಬಾಕ್ಸ್ ಬೇರೆ. ಮೂಲದ್ದು ಹಿಡನ್ ಆಗಿರುತ್ತದೆ. ಆಮೇಲೆ ನೀವು ಲಾಕ್ ಹಾಕುವುದು ಮೂಲಕ್ಕೆ, ಜನ ಒತ್ತುವುದು ಇನ್ನೊಂದಕ್ಕೆ. ಮೊಬೈಲ್‌ನಲ್ಲಿ ಅದು ತನ್ನ ಕ್ಯಾಲೆಂಡರ್ ಬಿಟ್ಟು ಫೋನ್‌ನ ಸ್ವಂತ ತಾರೀಖು ಬಾಕ್ಸ್ ಬಳಸುತ್ತದೆ. ಕಂಪ್ಯೂಟರ್‌ನಲ್ಲಿ ಸರಿ, ಫೋನ್‌ನಲ್ಲಿ ತಪ್ಪು ಎಂಬ ದೂರು ಬಂದರೆ ಇಲ್ಲಿ ನೋಡಿ.

ಫೈರ್‌ಫಾಕ್ಸ್‌ನಲ್ಲಿ ಮಾತ್ರ ಬರುವ ಒಂದು ವಿಷಯ. ಸ್ಕ್ರಿಪ್ಟ್‌ನಿಂದ ಡಿಸೇಬಲ್ ಮಾಡಿದ ಸ್ಥಿತಿಯನ್ನು ಅದು ಪುಟ ರಿಫ್ರೆಶ್ ಮಾಡಿದ ಮೇಲೂ ಉಳಿಸಿಕೊಳ್ಳುತ್ತದೆ. ಕೋಡ್ ಸರಿಮಾಡಿದ್ದೀರಿ, ಪುಟ ಹೊಸದಾಗಿ ತೆರೆದಿದ್ದೀರಿ, ಬಾಕ್ಸ್ ಇನ್ನೂ ಲಾಕ್. ಆ ಫೀಲ್ಡ್‌ಗೆ ಆಟೋಕಂಪ್ಲೀಟ್ ಆಫ್ ಎಂದು ಹಾಕಿದರೆ ನಿಲ್ಲುತ್ತದೆ.

ಸಿಎಸ್‌ಎಸ್‌ನಿಂದ ಬೂದು ಬಣ್ಣ ಹಚ್ಚಿ, ಪಾಯಿಂಟರ್ ಈವೆಂಟ್ಸ್ ನನ್ (ಮೌಸ್ ಒತ್ತುವಿಕೆ ಬೇಡ) ಎಂದು ಕೊಟ್ಟು ಲಾಕ್ ಆದಂತೆ ತೋರಿಸುವವರಿದ್ದಾರೆ. ಮೌಸ್ ಒತ್ತಿದರೆ ಏನೂ ಆಗುವುದಿಲ್ಲ, ನಿಜ. ಟ್ಯಾಬ್ ಕೀ ಒತ್ತಿಕೊಂಡು ಬಂದರೆ ಆರಾಮಾಗಿ ತಿದ್ದಬಹುದು. ಅರಿಯಾ ಡಿಸೇಬಲ್ಡ್ ಕೂಡ ಹೀಗೆಯೇ. ಅದು ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಲಾಕ್ ಇದೆ ಎಂದು ಹೇಳುತ್ತದೆ ಅಷ್ಟೆ, ಏನನ್ನೂ ತಡೆಯುವುದಿಲ್ಲ.

ದಿನ, ತಿಂಗಳು, ವರ್ಷ ಬೇರೆ ಬೇರೆ ಇದ್ದರೆ

ಹಳೆಯ ಅರ್ಜಿಗಳಲ್ಲಿ ತಾರೀಖಿಗೆ ಮೂರು ಡ್ರಾಪ್‌ಡೌನ್ ಇರುತ್ತವೆ. ಡ್ರಾಪ್‌ಡೌನ್‌ಗೆ ರೀಡ್‌ಓನ್ಲಿ ಅನ್ವಯಿಸುವುದಿಲ್ಲ. ಬರೆದರೂ ಬ್ರೌಸರ್ ಗಮನಿಸುವುದಿಲ್ಲ. ಡಿಸೇಬಲ್ಡ್ ಹಾಕಿದರೆ ಮೂರೂ ಹೋಗುವುದಿಲ್ಲ. ಇಲ್ಲಿ ನನ್ನ ಸಲಹೆ ಸ್ಪಷ್ಟ: ತಿದ್ದಬಾರದ ತಾರೀಖನ್ನು ಡ್ರಾಪ್‌ಡೌನ್‌ನಲ್ಲಿ ತೋರಿಸಲೇಬೇಡಿ. ಸಾದಾ ಅಕ್ಷರದಲ್ಲಿ "1 ಜೂನ್ 2006" ಎಂದು ಬರೆದುಬಿಡಿ.

ಇದನ್ನು ಎಲ್ಲ ಲಾಕ್ ತಾರೀಖುಗಳಿಗೂ ಹೇಳುತ್ತೇನೆ. ಎಂದೂ ತಿದ್ದಬಾರದ ತಾರೀಖಿಗೆ ಬಾಕ್ಸ್ ಯಾಕೆ ಬೇಕು? ಸರ್ವರ್‌ನಲ್ಲಿ ಅದು ಈಗಾಗಲೇ ಇದೆ. ಮತ್ತೆ ಬ್ರೌಸರ್‌ನಿಂದ ತರಿಸಿಕೊಳ್ಳುವ ಅಗತ್ಯ ಇಲ್ಲ. ರೀಡ್‌ಓನ್ಲಿ ಬಾಕ್ಸ್ ಬೇಕಾಗುವುದು ತಾರೀಖು ಅದೇ ಫಾರ್ಮ್‌ನಲ್ಲಿ ಲೆಕ್ಕದಿಂದ ಹುಟ್ಟುವಾಗ. ಪ್ರೆಸ್‌ನ ಆರ್ಡರ್ ಫಾರ್ಮ್‌ನಲ್ಲಿ ಪ್ರತಿಗಳ ಸಂಖ್ಯೆ ಬದಲಿಸಿದರೆ ಡೆಲಿವರಿ ತಾರೀಖು ತಾನಾಗಿ ಬದಲಾಗುತ್ತದೆ. ಅಂಥಲ್ಲಿ ರೀಡ್‌ಓನ್ಲಿ ಸರಿ. ಡಿಸೇಬಲ್ಡ್ ಸರಿಹೊಂದುವುದು ಆ ಫೀಲ್ಡ್ ಸದ್ಯಕ್ಕೆ ಬೇಡವೇ ಬೇಡ ಅನ್ನುವಾಗ. ಮದುವೆಯಾಗಿಲ್ಲ ಎಂದು ಆರಿಸಿದವರಿಗೆ ಮದುವೆಯ ತಾರೀಖು, ಹೀಗೆ.

ಯಾಕೆ ಲಾಕ್ ಆಗಿದೆ ಎಂದು ಬರೆದು ತಿಳಿಸಿ

ಡಿಸೇಬಲ್ಡ್ ಬಾಕ್ಸ್‌ಗೆ ಟ್ಯಾಬ್ ಒತ್ತಿಕೊಂಡು ಹೋಗಲು ಆಗುವುದಿಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಹಿಡಿದು ಫೀಲ್ಡ್‌ನಿಂದ ಫೀಲ್ಡ್‌ಗೆ ಹೋಗುವಾಗ ಆ ತಾರೀಖು ಅವರಿಗೆ ಸಿಗುವುದೇ ಇಲ್ಲ. ರೀಡ್‌ಓನ್ಲಿ ಸಿಗುತ್ತದೆ. ಬೂದು ಮೇಲೆ ಬೂದು ಅಕ್ಷರ ವಯಸ್ಸಾದವರಿಗೂ ಕಾಣುವುದಿಲ್ಲ. ಓದಬೇಕಾದ ತಾರೀಖನ್ನು ಕಪ್ಪಾಗಿಯೇ ಇಡಿ.

ಕೆಳಗೆ ಒಂದು ಸಾಲು ಸೇರಿಸಿ: "ಈ ತಾರೀಖು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂತೆ ಇದೆ. ತಪ್ಪಿದ್ದರೆ ಕಚೇರಿಗೆ ತಿಳಿಸಿ." ಈ ಸಾಲು ಹಾಕಿದ ಮೇಲೆ "ತೆರಿಯಾಂಗಿಲ್ರಿ" ಎಂಬ ಫೋನ್ ಬಹಳ ಕಡಿಮೆಯಾಯಿತು. ಬಾಕ್ಸ್ ಕೆಟ್ಟಿಲ್ಲ ಎಂದು ಜನರಿಗೆ ಗೊತ್ತಾಗಬೇಕು, ತಪ್ಪಿದ್ದರೆ ಯಾರನ್ನು ಕೇಳಬೇಕು ಎಂದೂ ಗೊತ್ತಾಗಬೇಕು.

ಸರ್ವರ್ ಕಡೆಯ ಪರೀಕ್ಷೆ

ಬ್ರೌಸರ್‌ನಲ್ಲಿ ಹಾಕಿದ ಯಾವ ಲಾಕ್ ಕೂಡ ಭದ್ರತೆ ಅಲ್ಲ. ಎಫ್12 ಒತ್ತಿ ಆ ಪದ ಅಳಿಸಿದರೆ ಬಾಕ್ಸ್ ತೆರೆದುಕೊಳ್ಳುತ್ತದೆ. ವಯಸ್ಸಿನ ಮಿತಿ, ಕೊನೆಯ ದಿನಾಂಕ, ದಂಡ ಇಂಥವೆಲ್ಲ ತಾರೀಖಿನ ಮೇಲೆ ನಿಂತಿರುವ ಫಾರ್ಮ್‌ಗಳಲ್ಲಿ ಇದು ಚಿಕ್ಕ ಮಾತಲ್ಲ. ಒಬ್ಬರು ತಿದ್ದಿಕೊಂಡರೆ ಉಳಿದವರಿಗೆ ಅನ್ಯಾಯವಾಗುತ್ತದೆ.

ಆದ್ದರಿಂದ ದುರಸ್ತಿ ಮುಗಿದ ಮೇಲೆ ನೀವೇ ಇದನ್ನು ಮಾಡಿ ನೋಡಿ. ಇನ್‌ಸ್ಪೆಕ್ಟರ್‌ನಲ್ಲಿ ರೀಡ್‌ಓನ್ಲಿ ಅಳಿಸಿ, ಬೇರೆ ತಾರೀಖು ಹಾಕಿ, ಸಲ್ಲಿಸಿ. ಡೇಟಾಬೇಸ್‌ನಲ್ಲಿ ಹಳೆಯ ತಾರೀಖೇ ಇರಬೇಕು. ಆಮೇಲೆ ಡಿಸೇಬಲ್ಡ್ ಹಾಕಿ, ತಾರೀಖು ಹೋಗದ ಹಾಗೆ ಮಾಡಿ ಇನ್ನೊಮ್ಮೆ ಸಲ್ಲಿಸಿ. ಆಗಲೂ ಹಳೆಯ ತಾರೀಖೇ ಇರಬೇಕು, ಖಾಲಿಯಾಗಿರಬಾರದು. ಎರಡರಲ್ಲಿ ಒಂದು ತಪ್ಪಿದರೂ ಫಾರ್ಮ್ ಅನ್ನು ಜನರ ಕೈಗೆ ಕೊಡಬೇಡಿ, ಸರ್ವರ್ ಕೋಡ್‌ಗೆ ವಾಪಸ್ ಹೋಗಿ.